ಇಡ್ಲಿ ಪಾತ್ರೆಯಲ್ಲಿ ಬೆಂದ ಪಿಸ್ಟನ್

ಮರಾಠಿಯಲ್ಲಿ ‘ಜಾವಾ’ ಎಂದರೆ ಓರಗಿತ್ತಿಯರು. ಇದು ನನಗೆ ತಿಳಿದದ್ದು, ಮೈಸೂರಿನಿಂದ ಲಾರಿಯಲ್ಲಿ ಬಂದ ನಮ್ಮ ತಂದೆಯವರ 1967ರ ಮೋಟಾರ್ ಸೈಕಲ್ಲನ್ನು ಪುಣೆಯ ಕೋಥ್ರೂಡಿನಲ್ಲಿರುವ ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ ಇಳಿಸಿಕೊಂಡು, ಅದೇನೆಂದು ಕೇಳಿದ ಪಕ್ಕದ ಮನೆಯ ಕಾಕೂಗೆ “ನಮ್ಮ ಜಾವಾ” ಎಂದು ಹೆಮ್ಮೆಯಿಂದ ಪರಿಚಯಿಸಿದಾಗ. ಆಕೆ ಒಮ್ಮೆ ಗಾಡಿಯನ್ನೂ ಒಮ್ಮೆ ನನ್ನ ಹೆಂಡತಿಯನ್ನೂ ನೋಡಿ, “ನಿನಗೊಬ್ಬಳು ಓರಗಿತ್ತಿ ಬಂದಳು ನೋಡು, ಇನ್ನು ಮನೆಯಲ್ಲಿ ಜಗಳಕ್ಕೆ ಬರವಿಲ್ಲ” ಎಂದರು. ನಾನು ಬಿಡಲಿಲ್ಲ. ಜೆಕ್ ದೇಶದ ಜನೆಚೆಕ್ ಎಂಬಾತ 1929ರಲ್ಲಿ ತನ್ನ ಹೆಸರಿನ ಮೊದಲೆರಡು ಇಂಗ್ಲಿಷ್ ಅಕ್ಷರಗಳಿಗೆ (JA) ಜರ್ಮನಿಯ ವಾಂಡರರ್ ಕಂಪನಿಯ ಮೊದಲೆರಡು ಅಕ್ಷರಗಳನ್ನು (WA) ಜೋಡಿಸಿದ್ದನ್ನೂ, 1961ರಿಂದ ನಮ್ಮ ಮೈಸೂರಿನ ಯಾದವಗಿರಿಯಲ್ಲಿ ಇರಾನಿಯವರ ಐಡಿಯಲ್ ಜಾವಾ ಕಾರ್ಖಾನೆ ಈ ಗಾಡಿಗಳನ್ನು ತಯಾರಿಸಿದ್ದನ್ನೂ ಸವಿಸ್ತಾರವಾಗಿ ವಿವರಿಸಿದೆ. ಎಲ್ಲವನ್ನೂ ಕೇಳಿಸಿಕೊಂಡ ಕಾಕೂ, “ಹೆಸರಿಡುವ ಮೊದಲು ಪುಣೆಯವರನ್ನು ಒಂದು ಮಾತು ಕೇಳಬೇಕಿತ್ತು” ಎಂದು ತೀರ್ಪು ಕೊಟ್ಟು ಲಿಫ್ಟ್ ಹತ್ತಿದರು.

ಹನ್ನೊಂದು ವರ್ಷ ಮೈಸೂರಿನ ಮನೆಯ ಹಿತ್ತಲಿನಲ್ಲಿ ನಿಂತಿದ್ದ ಗಾಡಿಯದು. ಅದನ್ನು ಮೆಕ್ಯಾನಿಕ್ಕಿಗೆ ಒಪ್ಪಿಸುವುದು ಬಿಟ್ಟು ನಾನೇ ಬಿಚ್ಚಿ ಜೋಡಿಸುತ್ತೇನೆಂದು ಹೊರಟದ್ದಕ್ಕೆ ಕಾರಣ ಉಳಿತಾಯವೆಂದು ಮನೆಯಲ್ಲಿ ಹೇಳಿದ್ದೆ. ನಿಜವಾದ ಕಾರಣವೆಂದರೆ, ಅದರ ರಚನೆ ಅಷ್ಟು ಸರಳವಾಗಿದೆ ಎಂಬ ಭ್ರಮೆ. ಅದರ ಕೀಲಿಕೈಯನ್ನೇ ನೋಡಿ: ಹಲ್ಲಿಲ್ಲ, ಗೀರಿಲ್ಲ, ಹೆಡ್‌ಲೈಟಿನ ಡೂಮಿನಲ್ಲಿರುವ ತೂತಿಗೆ ಒತ್ತುವ ಒಂದು ಕಡ್ಡಿ ಅಷ್ಟೇ. ಕಳೆದುಹೋದರೆ ಸರಿಯಾದ ಅಳತೆಯ ಮೊಳೆಯೊಂದು ಸಾಕೆಂದು ಜಾವಾ ಇಟ್ಟುಕೊಂಡವರೆಲ್ಲ ಹೇಳುತ್ತಾರೆ. ಇಂಥ ಗಾಡಿ ನನ್ನ ಬುದ್ಧಿಗೆ ಮೀರಿದ್ದಾಗಿರಲು ಹೇಗೆ ಸಾಧ್ಯ ಎಂದುಕೊಂಡೆ.

ಮೊದಲ ಮೂರು ತಿಂಗಳು ಎಲ್ಲವೂ ಸುಸೂತ್ರವಾಗಿತ್ತು. ಕಾರ್ಬುರೇಟರನ್ನು ತೊಳೆದೆ, ಟ್ಯಾಂಕಿನ ತುಕ್ಕನ್ನು ತೆಗೆದೆ, ಕಾಂಟ್ಯಾಕ್ಟ್ ಪಾಯಿಂಟಿನ ಸಂದಿಯನ್ನು 0.4 ಮಿಲಿಮೀಟರಿಗೆ ಕೂರಿಸಿದೆ. ಬಣ್ಣ ಬಳಿಯಲೆಂದು ಟೂಲ್ ಬಾಕ್ಸಿನ ಮುಚ್ಚಳವನ್ನು ಬಿಚ್ಚಿ ಬಾಲ್ಕನಿಯಲ್ಲಿ ಹಳೆಯ ಪತ್ರಿಕೆಗಳ ಮೇಲೆ ಇಟ್ಟೆ. ಆ ಮುಚ್ಚಳದ ಒಳಮೈಯಲ್ಲಿ ಹಳದಿ ಬಣ್ಣದಲ್ಲಿ, ಕಡ್ಡಿಯಿಂದ ಬರೆದ ದಪ್ಪ ಅಕ್ಷರಗಳಲ್ಲಿ, ‘5 ಲೀಟರಿಗೆ 200 ಎಂಎಲ್ ಆಯಿಲ್, ಮರೆಯಬೇಡಿ’ ಎಂದು ಒಂದು ಸಾಲಿತ್ತು. ಟೂ ಸ್ಟ್ರೋಕ್ ಎಂಜಿನ್ನಿನ ಪಿಸ್ಟನ್ನಿಗೆ ಬೇರೆ ಕಡೆಯಿಂದ ಎಣ್ಣೆ ಬರುವುದಿಲ್ಲ; ಪೆಟ್ರೋಲಿನಲ್ಲಿ ನಾವು ಬೆರೆಸಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಪ್ಪ ಶಿಸ್ತಿನ ಮನುಷ್ಯ ಎಂದು ಮನಸ್ಸಿನಲ್ಲೇ ವಂದಿಸಿ ಮರೆತೆ. ಮುಂದಿನ ಶನಿವಾರ ಭಂಗಾರವಾಲಾ, ಅಂದರೆ ಗುಜರಿಯವನು, ಬಂದಾಗ ಹೆಂಡತಿ ಪತ್ರಿಕೆಗಳ ಕಟ್ಟನ್ನು ಮುಚ್ಚಳಸಮೇತ ತೂಗಿಸಿ ಕೊಟ್ಟಿದ್ದಳೆಂಬುದು ನನಗೆ ಗೊತ್ತಾಗಲು ಮತ್ತೆ ಎರಡು ವಾರ ಬೇಕಾಯಿತು. ಅಷ್ಟರಲ್ಲಿ ಆಗಬಾರದ್ದು ಆಗಿಹೋಗಿತ್ತು.

ಕಾತ್ರಜ್ ಘಾಟಿನ ಹಳೆಯ ಸುರಂಗದವರೆಗೆ ಹೋಗಿ ಬರೋಣವೆಂದು ಭಾನುವಾರ ಬೆಳಿಗ್ಗೆ ಹೊರಟವನು ದಾರಿಯಲ್ಲಿ ಐದು ಲೀಟರ್ ಪೆಟ್ರೋಲ್ ಹಾಕಿಸಿದೆ. ಘಾಟಿಯ ಅರ್ಧ ಏರುವ ಹೊತ್ತಿಗೆ ಎಂಜಿನ್ನಿನ ಸದ್ದು ಗಂಟಲು ಕಟ್ಟಿದವರ ಕೆಮ್ಮಿನಂತಾಗಿ, ಹಿಂದಿನ ಚಕ್ರ ಗಕ್ಕನೆ ಹಿಡಿದುಕೊಂಡಿತು. ಕ್ಲಚ್ ಒತ್ತಿದ್ದರಿಂದ ಬಚಾವಾದೆ. ಎಣ್ಣೆಯ ಪಸೆಯಿಲ್ಲದೆ ಕಾದಾಗ ಅಲ್ಯೂಮಿನಿಯಮ್ಮಿನ ಪಿಸ್ಟನ್ನು ಎರಕದ ಕಬ್ಬಿಣದ ಸಿಲಿಂಡರಿಗಿಂತ ಹೆಚ್ಚು ಹಿಗ್ಗಿ ಒಳಗೇ ಕಚ್ಚಿಕೊಳ್ಳುತ್ತದೆ. ಇದಕ್ಕೆ ಸೀಜ್ ಆಗುವುದು ಎನ್ನುತ್ತಾರೆ. ಇಪ್ಪತ್ತು ನಿಮಿಷ ರಸ್ತೆಬದಿಯ ಕಲ್ಲಿನ ಮೇಲೆ ಕುಳಿತು ಕಾರಣವನ್ನು ಹುಡುಕುತ್ತಿದ್ದಾಗ, ಹ್ಯಾಂಡಲಿಗೆ ತೂಗುಹಾಕಿದ್ದ ಬಟ್ಟೆಯ ಚೀಲ ಗಾಳಿಗೆ ಅಲ್ಲಾಡಿ ಟ್ಯಾಂಕಿಗೆ ಟಣ್ ಎಂದು ಬಡಿಯಿತು. ಅದರೊಳಗೆ ಸೀಲು ಒಡೆಯದ ಆಯಿಲ್ ಬಾಟಲಿ ಇತ್ತು.

ಸಿಲಿಂಡರನ್ನು ಬೋರ್ ಮಾಡಿಸಬೇಕಾಯಿತು. (ಈ ಹೊತ್ತಿಗೆ ಮನೆಯವರಿಗೆ ಬೇರೆ ಅರ್ಥದಲ್ಲಿ ಆಗಲೇ ಬೋರ್ ಆಗಿತ್ತು.) ಮೂಲದಲ್ಲಿ 65 ಮಿಲಿಮೀಟರ್ ಇದ್ದ ಕೊಳವೆಯನ್ನು ಅರ್ಧ ಮಿಲಿಮೀಟರಿನಷ್ಟು ದೊಡ್ಡದು ಮಾಡಿಸಿ, ಆ ಅಳತೆಯ ಪಿಸ್ಟನ್ನನ್ನು ನಾನಾ ಪೇಠದ ಬಿಡಿಭಾಗಗಳ ಅಂಗಡಿಸಾಲಿನಲ್ಲಿ ಹುಡುಕಿ ತಂದೆ. ಇನ್ನುಳಿದದ್ದು ಪಿಸ್ಟನ್ನನ್ನು ಕನೆಕ್ಟಿಂಗ್ ರಾಡಿಗೆ ಜೋಡಿಸುವ ಉಕ್ಕಿನ ಪಿನ್ನನ್ನು ಕೂರಿಸುವುದು ಮಾತ್ರ. ಪಿನ್ನು ಎಷ್ಟು ಬಿಗಿಯಾಗಿತ್ತೆಂದರೆ ಸುತ್ತಿಗೆಯಿಂದ ಬಡಿದರೆ ರಾಡೇ ಬಾಗೀತೆಂಬ ಭಯವಾಯಿತು. ಬಲ್ಲವರು ಮಾಡುವ ಉಪಾಯವೆಂದರೆ ಪಿಸ್ಟನ್ನನ್ನು ಕುದಿಯುವ ನೀರಿನ ಮಟ್ಟಕ್ಕೆ ಬಿಸಿ ಮಾಡುವುದು. ಅಲ್ಯೂಮಿನಿಯಂ ಹಿಗ್ಗಿ ತೂತು ದೊಡ್ಡದಾಗಿ, ತಣ್ಣಗಿರುವ ಪಿನ್ನು ಬೆರಳಿನಿಂದ ಒತ್ತಿದರೂ ಜಾರಿ ಒಳಗೆ ಹೋಗುತ್ತದೆ. ಕೊಳವೆಯಂಥ ಲೋಹದ ವಸ್ತುವೊಂದಕ್ಕೆ ಎಲ್ಲ ಕಡೆಯಿಂದಲೂ ಸಮನಾಗಿ ಶಾಖ ತಗಲಬೇಕೆಂದರೆ ಆವಿಗಿಂತ ಉತ್ತಮವಾದದ್ದಿಲ್ಲ. ಆವಿಗೆ ನಮ್ಮ ಮನೆಯಲ್ಲಿ ಇಡ್ಲಿ ಪಾತ್ರೆಗಿಂತ ಉತ್ತಮವಾದದ್ದಿಲ್ಲ. ಹೆಂಡತಿ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದ ಮುಹೂರ್ತವನ್ನು ನೋಡಿ ನಾನು ಕೆಳಗಿನ ತಟ್ಟೆಯ ನಾಲ್ಕು ಕುಳಿಗಳ ನಡುವೆ ಪಿಸ್ಟನ್ನನ್ನು ಕೂರಿಸಿ ಮುಚ್ಚಳ ಹಾಕಿದೆ.

ನನ್ನ ಲೆಕ್ಕದಲ್ಲಿ ಒಂದೇ ತಪ್ಪಿತ್ತು. ಇಡ್ಲಿ ಪಾತ್ರೆ ಮೂರನೆಯ ಮಹಡಿಯಲ್ಲಿತ್ತು, ಗಾಡಿ ಪಾರ್ಕಿಂಗಿನಲ್ಲಿತ್ತು. ಹನ್ನೆರಡು ನಿಮಿಷ ಬೆಂದ ಪಿಸ್ಟನ್ನನ್ನು ಟವೆಲಿನಲ್ಲಿ ಸುತ್ತಿಕೊಂಡು, ಲಿಫ್ಟಿಗೆ ಕಾದು, ಅದರೊಳಗಿದ್ದ ಹಿರಿಯರೊಬ್ಬರಿಗೆ ‘ಏನಿಲ್ಲ, ಸ್ವಲ್ಪ ಬಿಸಿ’ ಎಂದು ಸಮಜಾಯಿಷಿ ಕೊಟ್ಟು ಕೆಳಗಿಳಿಯುವಷ್ಟರಲ್ಲಿ ಅದು ಆರಿಹೋಗಿ ತನ್ನ ಮೊದಲಿನ ಹಟಕ್ಕೆ ಮರಳಿತ್ತು. ಎರಡನೆಯ ಸಲ ಮೆಟ್ಟಿಲಲ್ಲಿ ಓಡೋಣವೆಂದು ಮತ್ತೆ ಒಲೆಯ ಮೇಲಿಟ್ಟು, ಪಿನ್ನಿಗೆ ಎಣ್ಣೆ ಸವರುತ್ತ ಬಾಲ್ಕನಿಯಲ್ಲಿ ನಿಂತಿದ್ದೆ. ಆಗ ಮಧ್ಯಾಹ್ನದ ನಿದ್ದೆ ಮುಗಿಸಿ ಎದ್ದ ಅಮ್ಮ ಅಡುಗೆಮನೆಗೆ ಹೋದದ್ದೂ, ಮುಚ್ಚಳ ತೆಗೆದ ಸದ್ದೂ, ಆಮೇಲಿನ ಮೌನವೂ ಕೇಳಿಸಿತು.

“ಏನೋ ಇದು?”

“ಪಿಸ್ಟನ್ನಮ್ಮಾ.”

ಅಮ್ಮ ಬಗ್ಗಿ ನೋಡಿದರು. ಎಂಬತ್ತರ ಹತ್ತಿರದ ಅವರ ಮುಖದಲ್ಲಿ ಗಾಬರಿಯಾಗಲಿ ಕೋಪವಾಗಲಿ ಕಾಣಲಿಲ್ಲ. ಕನ್ನಡಕದ ಮೇಲೆ ಕವಿದ ಆವಿಯನ್ನು ಸೆರಗಿನಲ್ಲಿ ಒರೆಸಿಕೊಂಡು, “ಬೆಂದಿದೆಯೋ ಇಲ್ವೋ, ಕೈ ಒದ್ದೆ ಮಾಡ್ಕೊಂಡು ಮುಟ್ಟಿ ನೋಡ್ಲಾ?” ಎಂದರು.

ಮೂರನೆಯ ಸಲಕ್ಕೆ ಬುದ್ಧಿ ಬಂತು. ಕುದಿಯುತ್ತಿದ್ದ ಇಡ್ಲಿ ಪಾತ್ರೆಯನ್ನು ಮುಚ್ಚಳಸಮೇತ ಎರಡು ಮಸಿಬಟ್ಟೆಗಳಲ್ಲಿ ಹಿಡಿದುಕೊಂಡು ಲಿಫ್ಟಿನಲ್ಲಿ ಕೆಳಗಿಳಿದೆ. ಪಾರ್ಕಿಂಗಿನ ಬಾಗಿಲಲ್ಲಿ ವಾಚ್‌ಮನ್ ಎದ್ದು ನಿಂತು, ಮುಖವನ್ನರಳಿಸಿ, “ಸಾಹೇಬ್, ಚಟ್ನಿ?” ಎಂದು ಕೇಳಿದ. ಅವನಿಗೆ ಉತ್ತರಿಸುವಷ್ಟು ಸಮಯ ನನಗಿರಲಿಲ್ಲ. ಪಿನ್ನು ಬೆಣ್ಣೆಯೊಳಗೆ ಚಾಕು ಇಳಿದಂತೆ ಇಳಿಯಿತು. ಅದು ಹೊರಜಾರದಂತೆ ಎರಡು ತುದಿಗೆ ಹಾಕುವ ಸರ್ಕ್ಲಿಪ್ಪುಗಳಲ್ಲಿ ಒಂದು ಕೂತಿತು, ಇನ್ನೊಂದು ಇಕ್ಕಳದಿಂದ ಚಿಮ್ಮಿ ಎಲ್ಲೋ ಮಾಯವಾಯಿತು. ಆಗ ಗಂಟೆ ಮೂರು. ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಪುಣೆಯ ಅಂಗಡಿಕಾರರ ಬಾಗಿಲು ತಟ್ಟುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲವಾದ್ದರಿಂದ ಒಂದು ಗಂಟೆ ಸುಮ್ಮನೆ ಕುಳಿತೆ. ವಾಚ್‌ಮನ್ನಿಗೆ ಅಮ್ಮ ಮೇಲಿನಿಂದ ನಿಜವಾದ ಇಡ್ಲಿಗಳನ್ನು ಕಳಿಸಿಕೊಟ್ಟರು, ಬೇರೆ ಪಾತ್ರೆಯಲ್ಲಿ ಬೇಯಿಸಿದ್ದು.

ಎಂಜಿನ್ ಜೋಡಿಸಿದ ಮೇಲಿನ ಅನಾಹುತಗಳನ್ನು ಬೇಗ ಹೇಳಿಬಿಡುತ್ತೇನೆ. ಬ್ಯಾಟರಿ ಕೇವಲ 6 ವೋಲ್ಟಿನದೆಂಬ ಧೈರ್ಯದಿಂದ ಸ್ಪಾರ್ಕ್ ಪ್ಲಗ್ಗನ್ನು ಬರಿಗೈಯಲ್ಲಿ ಹಿಡಿದು ಕಿಡಿಯನ್ನು ಪರೀಕ್ಷಿಸಲು ಹೋದೆ. ನಡುವೆ ಇಗ್ನಿಷನ್ ಕಾಯಿಲ್ ಎಂಬುದೊಂದಿದೆ, ಅದು ಆ ಆರನ್ನು ಸಾವಿರಾರು ವೋಲ್ಟುಗಳಿಗೆ ಏರಿಸುತ್ತದೆ ಎಂಬ ಪಾಠ ಮೊಣಕೈವರೆಗೆ ತಲುಪಿತು. ಇನ್ನೊಂದು ಸಂಗತಿ: ಜಾವಾದಲ್ಲಿ ಕಿಕ್ಕಿಗೂ ಗೇರಿಗೂ ಒಂದೇ ಸನ್ನೆಕೋಲು. ಒಳಕ್ಕೊತ್ತಿ ಮೇಲೆತ್ತಿದರೆ ಕಿಕ್ಕು, ಮತ್ತೆ ಮುಂದಕ್ಕೆ ಮಡಚಿದರೆ ಗೇರು. ಗೇರು ಹಾಕುವಾಗ ಕ್ಲಚ್ಚನ್ನು ಕೈಯಿಂದ ಒತ್ತದಿದ್ದರೂ ಅದು ತಾನಾಗಿ ಬಿಡಿಸಿಕೊಳ್ಳುತ್ತದೆ. ಎಂಥ ಜಾಣ ಏರ್ಪಾಡು ಎಂದು ಮೆಚ್ಚುತ್ತಿರುವಾಗಲೇ, ಸ್ಟಾರ್ಟಾದ ಸಂತೋಷದಲ್ಲಿ ಸನ್ನೆಕೋಲನ್ನು ಮಡಚಿದ ನನ್ನ ಕಾಲಿನ ಭಾರ ಅದರ ಮೇಲೆ ಬಿದ್ದು ಮೊದಲ ಗೇರು ಹಾಕಿಕೊಂಡಿತು. ಕಾಲು ತೆಗೆದದ್ದೇ ತಡ, ಗಾಡಿ ನನ್ನನ್ನು ಬಿಟ್ಟು ಎರಡು ಮಾರು ಮುಂದೆ ಹೋಗಿ, ಸೊಸೈಟಿಯ ಸೆಕ್ರೆಟರಿಯವರ ಸ್ಕೂಟರಿನ ಭುಜಕ್ಕೊರಗಿ ನಿಂತು, ಜೋಡಿ ಸೈಲೆನ್ಸರುಗಳಿಂದ ಇಡೀ ಪಾರ್ಕಿಂಗಿಗೆ ಹೊಗೆ ತುಂಬಿಸಿತು. ಈ ಸಲ ಆಯಿಲನ್ನು ಮರೆಯಬಾರದೆಂದು ಎರಡರಷ್ಟು ಹಾಕಿದ್ದೆ.

ಮರುದಿನ ಕಂಬಕ್ಕೆ ಮರಾಠಿಯಲ್ಲಿ ಒಂದು ಫಲಕ ಅಂಟಿಕೊಂಡಿತ್ತು. ಪುಣೆಯ ಫಲಕಗಳಿಗೆ ತಮ್ಮದೇ ಒಂದು ಘರಾಣೆಯಿದೆ. ಬೈಯುವುದಿಲ್ಲ, ಆದರೆ ಓದಿದವನು ಚೇತರಿಸಿಕೊಳ್ಳುವುದೂ ಇಲ್ಲ. ಅದರ ಸಾರ ಹೀಗಿತ್ತು: ‘ಸೊಳ್ಳೆಗಳಿಗೆ ಹೊಗೆ ಹಾಕುವ ಕೆಲಸವನ್ನು ಮಹಾನಗರಪಾಲಿಕೆ ಮಾಡುತ್ತಿದೆ. ಸದಸ್ಯರು ವೈಯಕ್ತಿಕವಾಗಿ ತೊಂದರೆ ತೆಗೆದುಕೊಳ್ಳುವ ಅಗತ್ಯವಿಲ್ಲ.’

ಹೆಡ್‌ಲೈಟಿನ ರಿಂಗೊಂದನ್ನು ಹುಡುಕುತ್ತ ಜುನಾ ಬಾಜಾರಿಗೆ ಹೋದದ್ದು ಅದಾದ ಮೇಲಿನ ಭಾನುವಾರ. ಬುಧವಾರ ಮತ್ತು ಭಾನುವಾರ ನೆರೆಯುವ ಆ ಸಂತೆಯಲ್ಲಿ ತುಕ್ಕು ಹಿಡಿದ ಸ್ಪ್ಯಾನರಿನಿಂದ ಹಿಡಿದು ಮುಳ್ಳಿಲ್ಲದ ಗಡಿಯಾರದವರೆಗೆ ಎಲ್ಲವೂ ನೆಲದ ಮೇಲೆ ಹರಡಿಕೊಂಡಿರುತ್ತವೆ. ಒಂದು ತಾಡಪಾಲಿನ ಮೂಲೆಯಲ್ಲಿ, ಹಿತ್ತಾಳೆಯ ನಲ್ಲಿಗಳ ಪಕ್ಕದಲ್ಲಿ, ಮೆರೂನ್ ಬಣ್ಣದ ಮುಚ್ಚಳವೊಂದು ಅಂಗಾತ ಮಲಗಿ ನನಗೆ ಕನ್ನಡದಲ್ಲಿ ‘ಮರೆಯಬೇಡಿ’ ಎಂದಿತು. ಎದೆ ಧಸಕ್ಕೆಂದರೂ ಮುಖದಲ್ಲಿ ತೋರಿಸದೆ, ಚೌಕಾಸಿಯ ನಿಯಮದಂತೆ ಮೊದಲು ನಲ್ಲಿಯ ಬೆಲೆ ಕೇಳಿ, ಆಮೇಲೆ ಅಸಡ್ಡೆಯಿಂದ ಮುಚ್ಚಳದ ಕಡೆ ಕೈ ತೋರಿಸಿದೆ.

“ಐನೂರು” ಎಂದ ವ್ಯಾಪಾರಿ.

“ಈ ತಗಡಿಗೆ?”

ಅವನು ಮುಚ್ಚಳವನ್ನು ಎತ್ತಿ ಹಳದಿ ಅಕ್ಷರಗಳ ಮೇಲೆ ಗೌರವದಿಂದ ಬೆರಳಾಡಿಸಿದ. “ತಗಡಲ್ಲ ಸಾಹೇಬ್. ನೋಡಿ, ಮೋಡಿ ಲಿಪಿ, ಹಳೆಯ ಮರಾಠಿ ಬರಹ. ಪೇಶ್ವೆಯರ ಕಾಲದ್ದು.”

ಪೇಶ್ವೆಯರು ಐದು ಲೀಟರಿಗೆ ಇನ್ನೂರು ಎಂಎಲ್ ಬೆರೆಸುತ್ತಿದ್ದರೇ ಎಂದು ಕೇಳಬಹುದಿತ್ತು. ಆದರೆ ನನಗೆ ಅದನ್ನು ಓದಲು ಬರುತ್ತದೆಂದು ತಿಳಿದರೆ ಬೆಲೆ ಸಾವಿರಕ್ಕೇರುವ ಅಪಾಯವಿತ್ತು. ಭಂಗಾರದವನಿಗೆ ಪತ್ರಿಕೆಯ ತೂಕಕ್ಕೆ ಕೊಟ್ಟಿದ್ದ ನನ್ನದೇ ಮುಚ್ಚಳಕ್ಕೆ ಮುನ್ನೂರೈವತ್ತು ರೂಪಾಯಿ ತೆತ್ತು, ಇತಿಹಾಸ ಸಂಶೋಧಕನ ಗಾಂಭೀರ್ಯದಿಂದ ಕಂಕುಳಲ್ಲಿಟ್ಟುಕೊಂಡು ಬಂದೆ.

ಮನೆಯಲ್ಲಿ ಅದನ್ನು ಊಟದ ಮೇಜಿನ ಮೇಲಿಟ್ಟು, ಅಪ್ಪನ ಶಿಸ್ತಿನ ಬಗ್ಗೆ ಹೆಂಡತಿಗೆ ಹೇಳತೊಡಗಿದಾಗ ಅಮ್ಮ ಹತ್ತಿರ ಬಂದು ನೋಡಿದರು.

“ನಿಮ್ಮಪ್ಪಂದಲ್ಲ ಕಣೋ, ಅದು ನನ್ನ ಅಕ್ಷರ. ಹೊಸಿಲಿಗೆ ಬಳಿದು ಮಿಕ್ಕಿದ್ದ ಪೇಂಟು. ತನಗೆ ತಾನೇ ಯಾರಾದ್ರೂ ‘ಮರೆಯಬೇಡಿ’ ಅಂತ ಬಹುವಚನದಲ್ಲಿ ಬರ್ಕೋತಾರಾ?”

ಇಷ್ಟು ವರ್ಷ ಆ ‘ಡಿ’ಯನ್ನು ನಾನು ಓದಿಯೇ ಇರಲಿಲ್ಲ.

“ನಂಜನಗೂಡಿನ ರಸ್ತೇಲಿ ಎರಡು ಸಲ ಕಚ್ಕೊಂಡು ನಿಂತಿತ್ತು. ಎರಡನೇ ಸಲ ನೀನು ನನ್ನ ತೊಡೆ ಮೇಲಿದ್ದೆ. ಆಯಿಲ್ ಬಾಟ್ಲಿ ನನ್ನ ಬುಟ್ಟೀಲೇ ಇತ್ತು” ಎಂದು ಅಮ್ಮ ಕಾಫಿಗೆ ಹಾಲಿಡಲು ಹೋದರು.

ಮುಚ್ಚಳದ ಹೊರಮೈಗೆ ಬಣ್ಣ ಬಳಿದು ಒಣಗಲು ಬಾಲ್ಕನಿಯಲ್ಲಿಟ್ಟೆ, ಈ ಸಲ ಪತ್ರಿಕೆಗಳಿಂದ ದೂರದಲ್ಲಿ. ಎರಡು ದಿನ ಬಿಟ್ಟು ಗಾಡಿಗೆ ಕೂರಿಸಲೆಂದು ತಿರುಗಿಸಿ ನೋಡಿದರೆ, ಅಮ್ಮನ ಸಾಲಿನ ಕೆಳಗೆ ಹಸಿ ಹಳದಿ ಬಣ್ಣದಲ್ಲಿ, ಹೆಂಡತಿಯ ದುಂಡಗಿನ ಅಕ್ಷರಗಳಲ್ಲಿ ಇನ್ನೊಂದು ಸಾಲು ಸೇರಿತ್ತು: ‘ಇಡ್ಲಿ ಪಾತ್ರೆ ಮುಟ್ಟಬೇಡಿ.’