ಹಿತ್ತಲ ಗಿಡ ಮದ್ದಲ್ಲ, ಮೊಕದ್ದಮೆ

ಒಬ್ಬ ಯಾರದ್ದೋ ಹತ್ತಿರ ಗಾಂಜಾ ಕೊಂಡು, ಚೀಲದಲ್ಲಿ ಇಟ್ಟುಕೊಂಡು ಹೋಗುವಾಗ ಶಿರಸಿ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿಬಿದ್ದ ಎಂದಿಟ್ಟುಕೊಳ್ಳಿ. ತೂಗಿದರೆ ಒಂದು ಕೆಜಿ ಒಳಗೇ ಇದೆ. ಕಾನೂನಿಗೆ ಅದು ಸಣ್ಣ ಪ್ರಮಾಣ. ಹೆಚ್ಚೆಂದರೆ ಒಂದು ವರ್ಷ ಜೈಲು, ಇಲ್ಲವೇ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇನ್ನೊಬ್ಬ, ಯಾರ ಸಹವಾಸವೂ ಬೇಡ ಎಂದು ತನ್ನ ಹಿತ್ತಿಲಲ್ಲಿ ಒಂದೇ ಒಂದು ಗಿಡ ನೆಟ್ಟ. ನೀರು ಹಾಕಿದ. ಗಿಡ ಮೊಣಕಾಲುದ್ದ ಬಂತು. ಇವನಿಗೆ ಹತ್ತು ವರ್ಷದವರೆಗೆ ಕಠಿಣ ಸಜೆ, ಮೇಲೆ ಒಂದು ಲಕ್ಷದವರೆಗೆ ದಂಡ. ಗಿಡ ಹೂ ಬಿಟ್ಟಿರಬೇಕೆಂದೂ ಇಲ್ಲ.

ಇದು 1985ರ ಮಾದಕ ವಸ್ತು ಕಾಯ್ದೆಯ 20ನೇ ಕಲಂ. ಎನ್‌ಡಿಪಿಎಸ್ ಎಂದರೆ ಬೇಗ ಗೊತ್ತಾಗುತ್ತದೆ. ಎಲ್ಲದರಲ್ಲೂ ಸ್ವಾವಲಂಬಿಗಳಾಗಿ ಎಂದು ಭಾಷಣ ಮಾಡುವ ದೇಶದಲ್ಲಿ ಕೊಂಡವನಿಗೆ ಒಂದು, ಬೆಳೆದವನಿಗೆ ಹತ್ತು. ಯಾವ ಬೆಳೆ ಹಾಕಿದರೂ ರೈತನ ಪಾಡು ಅಷ್ಟೇ ನೋಡಿ.

ಈ ಲೆಕ್ಕದ ಹುಳ ತಲೆಗೆ ಬಿಟ್ಟವನು ನನ್ನ ತಂಗಿಯ ಮಗ. ಮಾಣಿ ಜರ್ಮನಿಯಲ್ಲಿ ಇಂಜಿನಿಯರ್. ಶಿರಸಿ, ಸಿದ್ದಾಪುರದ ಕಡೆ ಮನೆಗೊಬ್ಬ ಬೆಂಗಳೂರಿನಲ್ಲಿ, ಇನ್ನೊಬ್ಬ ಅದಕ್ಕಿಂತ ದೂರದಲ್ಲಿ ಇರುವುದು ವಾಡಿಕೆ. ಉಳಿದವರು ಅಡಿಕೆ ದರ ನೋಡುತ್ತಾ ಇರುತ್ತೇವೆ. ಅವನ ಬಾಡಿಗೆ ಮನೆಯ ಹಿಂದೆ ಗಾಜಿನ ಪುಟ್ಟ ಹಸಿರುಮನೆ ಇದೆ. ಒಂದು ದಿನ ವಿಡಿಯೋ ಕಾಲ್‌ನಲ್ಲಿ ತೋರಿಸಿದ. ಟೊಮೆಟೊ ಇತ್ತು, ಮೆಣಸಿನ ಗಿಡ ಇತ್ತು. ಪಕ್ಕದಲ್ಲಿ ಮೂರು ಗಿಡ ಎದೆಮಟ್ಟ ನಿಂತಿದ್ದವು.

“ಇದೆಂತ ಮಾಣಿ? ಗೊಂಡೆ ಹೂವಿನ ಗಿಡವಾ?”

“ಅಲ್ಲ ಮಾವ. ಅದೇಯಾ.”

“ಅದೇ ಅಂದ್ರೆ?”

“ಶಿವರಾತ್ರಿದು.”

ಅವನ ಅಮ್ಮ ಪಕ್ಕದಲ್ಲೇ ಇದ್ದಳು. ಗೋಡೆ ಮೇಲಿನ ದೇವರ ಫೋಟೋವನ್ನೊಮ್ಮೆ ನೋಡಿದಳು. ಆಮೇಲೆ, “ಬುಡಕ್ಕೆ ಎಂತ ಹಾಕಿದ್ದೆ?” ಎಂದು ಕೇಳಿದಳು. ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳು. ಗಿಡ ಯಾವುದಾದರೇನು, ಗೊಬ್ಬರ ಬೀಳಬೇಕು.

2024ರ ಏಪ್ರಿಲ್ 1ರಿಂದ ಜರ್ಮನಿಯಲ್ಲಿ ವಯಸ್ಕರು ತಾವು ವಾಸಿಸುವ ಮನೆಯಲ್ಲಿ ತಲಾ ಮೂರು ಗಿಡ ಬೆಳೆಸಬಹುದು. ತಾರೀಕು ನೋಡಿ ತಮಾಷೆ ಇರಬೇಕು ಅನ್ನಿಸಿತು. ಆದರೆ ಜರ್ಮನ್ನರು ತಮಾಷೆಗೂ ನಿಯಮಾವಳಿ ಬರೆಯುವ ಜನ. ಗಿಡ ಮಕ್ಕಳ ಕೈಗೆ ಸಿಗಬಾರದು, ಹಾಗಾಗಿ ಹಸಿರುಮನೆಗೆ ಬೀಗ. ಒಣಗಿಸಿದ್ದು ಮನೆಯಲ್ಲಿ 50 ಗ್ರಾಂ, ಹೊರಗೆ ಹೋಗುವಾಗ 25 ಗ್ರಾಂ ಮಾತ್ರ. ವಾಹನ ಬಿಡದ ಪೇಟೆ ಬೀದಿಗಳಲ್ಲಿ ಬೆಳಿಗ್ಗೆ 7ರಿಂದ ರಾತ್ರಿ 8ರವರೆಗೆ ಸೇದುವಂತಿಲ್ಲ. ಚೆನ್ನಾಗಿ ಬಂದರೆ ಒಂದೇ ಗಿಡದಲ್ಲಿ 50 ಗ್ರಾಂ ದಾಟಿಬಿಡುತ್ತದೆ. ಆಗ ಹೆಚ್ಚಾದದ್ದನ್ನು ನಾಶ ಮಾಡಬೇಕು. ಪಕ್ಕದ ಮನೆಗೆ ಕೊಡುವಂತಿಲ್ಲ.

ಇದೊಂದು ಮಾತ್ರ ನಮ್ಮ ಜಿಲ್ಲೆಯವರಿಗೆ ಜೀರ್ಣವಾಗುವುದಿಲ್ಲ. ಹಿತ್ತಿಲಲ್ಲಿ ಬಸಳೆಯೋ ಮೊಗೆಕಾಯಿಯೋ ಜಾಸ್ತಿಯಾದರೆ ಅದು ಬೇಲಿ ದಾಟಲೇಬೇಕು. ಬೇಡ ಎಂದವರ ಕೈಗೂ ಚೀಲ ತುರುಕಿ ಕಳಿಸುತ್ತೇವೆ. ಬೆಳೆಯಲು ಬಿಟ್ಟು ಹಂಚಲು ಬಿಡದೆ ಇರುವುದು ಜರ್ಮನಿಗೆ ಮಾತ್ರ ಹೊಳೆಯುವ ಶಿಕ್ಷೆ.

ನನ್ನ ಮನೆ ಹಿಂದೆಯೂ ಒಂದು ಪಾಲಿಹೌಸ್ ಇದೆ. ಆಂಥೂರಿಯಂ ಭರಾಟೆಯ ಕಾಲದಲ್ಲಿ ಸಬ್ಸಿಡಿ ಬಂತೆಂದು ಎದ್ದದ್ದು. ಹೂವಿನ ದರ ಬಿತ್ತು, ಶೀಟ್ ಹರಿಯಿತು. ಈಗ ಒಳಗೆ ಅಡಿಕೆ ಸಿಪ್ಪೆ ಮತ್ತು ಓಡದ ಸ್ಕೂಟರ್ ಇವೆ. ಬಾಗಿಲ ಹತ್ತಿರ ಮರಗೆಣಸಿನ ಎರಡು ಗಿಡ ತಾವಾಗಿಯೇ ಎದ್ದಿವೆ. ಮರಗೆಣಸಿನ ಎಲೆ ನೋಡಿದ್ದೀರಲ್ಲ, ಕೈ ಬೆರಳು ಬಿಡಿಸಿದ ಹಾಗೆ. ಕರೆಂಟ್ ಬಿಲ್ ಕೊಡಲು ಬಂದ ಹುಡುಗ ಅದನ್ನು ನೋಡಿ, ನನ್ನನ್ನು ನೋಡಿ, ಏನೂ ಮಾತಾಡದೆ ಒಂದು ಗೌರವದ ನಗೆ ನಕ್ಕು ಹೋದ.

“ಅಷ್ಟು ಜಾಗ ಸುಮ್ನೆ ಬಿಟ್ಟಿದ್ಯಲ ಮಾವ” ಎಂದ ಮಾಣಿ.

ನಮ್ಮಲ್ಲಿ ಪೊಲೀಸರು ಬೇಡ ಮಾರಾಯ, ಜೂನ್ ತಿಂಗಳು ಸಾಕು ಎಂದೆ. ಆ ಗಿಡದ ಹೂಗೊಂಚಲು ದಟ್ಟ. ತೇವ ಕೂತರೆ ಒಳಗಿಂದಲೇ ಬೂಷ್ಟು ಹಿಡಿದು ಕೊಳೆಯುತ್ತದೆ. ಘಟ್ಟದ ಮಳೆಯಲ್ಲಿ ಪ್ಲಾಸ್ಟಿಕ್ ಹೊದೆಸಿದ ಮನೆಯೊಳಗೆ ಗಾಳಿಯೇ ಬೆವರುತ್ತದೆ. ಅಡಿಕೆಯ ಕೊಳೆಗಾದರೆ ಮೈಲುತುತ್ತ, ಸುಣ್ಣ ಕಲಸಿ ಹೊಡೆಯುತ್ತೇವೆ. ಇದಕ್ಕೂ ಅದನ್ನೇ ಹೊಡೆದರೆ ಸೇದಿದವನ ಗತಿ ಏನು? ಮಾದಕ ವಸ್ತು ನಿಗ್ರಹಕ್ಕೆ ನಮ್ಮ ಮಳೆಗಾಲದಷ್ಟು ದಕ್ಷ ಅಧಿಕಾರಿ ಇನ್ನೊಬ್ಬರಿಲ್ಲ. ವರ್ಗಾವಣೆಯ ಭಯವೂ ಇಲ್ಲ.

ಆದರೂ ಕಾಯ್ದೆ ಓದಲು ಕೂತೆ. ಓದುತ್ತಾ ಹೋದ ಹಾಗೆ ಜರ್ಮನ್ನರ ಮೇಲಿನ ಸಿಟ್ಟು ಇಳಿಯಿತು.

ಈ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂ ಬಿಟ್ಟ ಅಥವಾ ಕಾಯಿ ಕಟ್ಟಿದ ತುದಿ. ಆ ತುದಿ ಜೊತೆಗಿಲ್ಲದಿದ್ದರೆ ಎಲೆಯಾಗಲೀ ಬೀಜವಾಗಲೀ ಗಾಂಜಾ ಅಲ್ಲ. ಹಾಗಾಗಿಯೇ ಕಾಶಿಯಲ್ಲಿ ಈ ಗಿಡದ ಎಲೆ ಅರೆದು ಮಾಡುವ ಭಂಗಿಗೆ ಸರ್ಕಾರದ ಲೈಸೆನ್ಸ್ ಇರುವ ಅಂಗಡಿಗಳಿವೆ. (ಕಾಶಿಯಾತ್ರೆ ಮುಗಿಸಿ ಬಂದ ನಮ್ಮ ಹಿರಿಯರು ಗಂಗಾಜಲದ ಸುದ್ದಿ ಮಾತ್ರ ಹೇಳುತ್ತಾರೆ.) 2022ರಲ್ಲಿ ಕರ್ನಾಟಕ ಹೈಕೋರ್ಟು ಒಂದು ಪ್ರಕರಣದಲ್ಲಿ ಜಾಮೀನು ಕೊಡುತ್ತಾ, ಭಂಗಿ ಈ ಕಾಯ್ದೆಯ ನಿಷೇಧದೊಳಗೆ ಬರುವುದಿಲ್ಲ ಎಂದಿತು. ಅಬಕಾರಿ ಕಾಯ್ದೆಯ ಕಥೆ ಬೇರೆ, ಓದುಗರು ಅವಸರ ಮಾಡಬಾರದು. 2021ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಬೀಜವನ್ನೂ ಬೀಜದ ಎಣ್ಣೆಯನ್ನೂ ಆಹಾರವೆಂದು ಒಪ್ಪಿತು.

ಅಂದರೆ ಎಲೆಗೆ ಈ ಕಾಯ್ದೆಯ ತಂಟೆಯಿಲ್ಲ. ಬೀಜವನ್ನು ಚಟ್ನಿಪುಡಿ ಮಾಡಿದರೂ ಅಡ್ಡಿಯಿಲ್ಲ. ಆದರೆ ಆ ಎಲೆ, ಆ ಬೀಜ ಬಿಡುವ ಗಿಡವನ್ನು ಬೆಳೆಸಿದರೆ ಹತ್ತು ವರ್ಷ. ಎಲೆ ಆಕಾಶದಿಂದ ಉದುರಬೇಕು. ಬೀಜ ಆನ್‌ಲೈನ್ ಅಂಗಡಿಯಲ್ಲೇ ಹುಟ್ಟಬೇಕು.

14ನೇ ಕಲಂನಲ್ಲಿ ಒಂದು ಕಿಟಕಿ ಇಟ್ಟಿದ್ದಾರೆ. ನಾರಿಗೋ ಬೀಜಕ್ಕೋ ತೋಟಗಾರಿಕೆಗೋ ಈ ಗಿಡ ಬೆಳೆಯಲು ಸರ್ಕಾರ ಒಪ್ಪಿಗೆ ಕೊಡಬಹುದು. ಉತ್ತರಾಖಂಡ 2018ರಲ್ಲಿ ನಾರಿನ ಬೆಳೆಗೆ ಲೈಸೆನ್ಸ್ ಕೊಟ್ಟಿತು. ಹೆಕ್ಟೇರುಗಟ್ಟಲೆ ಬೆಳೆದರೆ ಉದ್ಯಮ, ಒಂದು ಗಿಡ ಬೆಳೆದರೆ ಅಪರಾಧ. ತೋಟಗಾರಿಕೆ ಎಂಬ ಶಬ್ದ ಕಂಡು ನನಗೆ ಆಸೆಯಾಯಿತು, ಸುಳ್ಳೇಕೆ. ಆದರೆ ಅರ್ಜಿ ಕೇಳಲು ಹೋಗಲಿಲ್ಲ. ಹೋದರೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ತಂದಿದ್ದೀರಾ ಎಂದು ಕೇಳುತ್ತಾರೆ. ಬೆಳೆ ಯಾವುದು ಎಂದು ಕೇಳುವುದು ಅದೆಲ್ಲ ಆದ ಮೇಲೆ. ಅಷ್ಟು ಹೊತ್ತಿಗೆ ನನ್ನ ವಿಳಾಸ, ಫೋಟೋ ಎಲ್ಲ ಅವರ ಹತ್ತಿರ ಇರುತ್ತದೆ.

ಬ್ರಿಟಿಷರು 1893–94ರಲ್ಲಿ ಈ ಗಿಡಕ್ಕಾಗಿಯೇ ಒಂದು ಆಯೋಗ ಮಾಡಿದ್ದರು. ಮಿತವಾಗಿ ಬಳಸಿದರೆ ದೊಡ್ಡ ಕೇಡಿಲ್ಲ, ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹಿಡಿತದಲ್ಲಿಡಿ ಎಂದು ಅದು ಹೇಳಿತು. 1961ರಲ್ಲಿ ವಿಶ್ವಸಂಸ್ಥೆಯ ಒಪ್ಪಂದ ಬಂತು. ಹಳೆಯ ಬಳಕೆ ನಿಲ್ಲಿಸಲು ನಮ್ಮಂಥವರಿಗೆ 25 ವರ್ಷ ಗಡುವು ಸಿಕ್ಕಿತು. ಎರಡು ದಶಕ ಸುಮ್ಮನಿದ್ದು, ಗಡುವು ಹತ್ತಿರ ಬಂದಾಗ ಎದ್ದು ಕಾಯ್ದೆ ಮಾಡಿದರು. ಮಾರ್ಚ್ ತಿಂಗಳಲ್ಲಿ ರಸ್ತೆಗೆ ಡಾಂಬರು ಬೀಳುವುದನ್ನು ಕಂಡವರಿಗೆ ಇದರಲ್ಲಿ ಹೊಸದೇನಿಲ್ಲ. ಮುಂದೆ 2020ರ ಡಿಸೆಂಬರಿನಲ್ಲಿ ಈ ಗಿಡವನ್ನು ಅತಿ ಕಟ್ಟುನಿಟ್ಟಿನ ಪಟ್ಟಿಯಿಂದ ತೆಗೆಯಲು ವಿಯೆನ್ನಾದಲ್ಲಿರುವ ವಿಶ್ವಸಂಸ್ಥೆಯ ಆಯೋಗದಲ್ಲಿ ಮತದಾನವಾಯಿತು. ಪರವಾಗಿ 27, ವಿರೋಧವಾಗಿ 25. ಪರವಾಗಿ ಮತ ಹಾಕಿದವರಲ್ಲಿ ಭಾರತವೂ ಇತ್ತು. ವಿಯೆನ್ನಾದಲ್ಲಿ ಅಷ್ಟು ಉದಾರ, ಶಿರಸಿಯಲ್ಲಿ ಅದೇ ಹತ್ತು ವರ್ಷ.

ಕಾನೂನು ಕಾಗದದಲ್ಲೇ ಇದೆ ಎಂದುಕೊಳ್ಳಬೇಡಿ. 2023ರಲ್ಲಿ ಪಕ್ಕದ ಶಿವಮೊಗ್ಗದಲ್ಲಿ, ಬಾಡಿಗೆ ಮನೆಯೊಳಗೆ ದೀಪ ಹಾಕಿ ಗಿಡ ಬೆಳೆಸಿದ ಆರೋಪದ ಮೇಲೆ ವೈದ್ಯಕೀಯ ವಿದ್ಯಾರ್ಥಿಗಳನ್ನು ಬಂಧಿಸಿದರು. 2024ರಲ್ಲಿ ಬೆಂಗಳೂರಿನ ಒಂದು ಜೋಡಿ ಮನೆಯ ಕುಂಡಗಳ ಚಿತ್ರವನ್ನು ಫೇಸ್‌ಬುಕ್‌ಗೆ ಹಾಕಿತು. ಬೇರೆ ಗಿಡಗಳ ನಡುವೆ ಇದೂ ಇತ್ತಂತೆ. ಪೊಲೀಸರು ಲೈಕ್ ಒತ್ತದೆ ನೇರ ಮನೆಗೇ ಬಂದರು. ಗಿಡ ಚೆನ್ನಾಗಿ ಬಂದರೆ ನಾಲ್ಕು ಜನಕ್ಕೆ ತೋರಿಸದೆ ಇರಲು ಆಗುವುದಿಲ್ಲ. ತೋಟಗಾರರ ಈ ಚಟಕ್ಕೆ ಯಾವ ಕಾಯ್ದೆಯಲ್ಲೂ ಮದ್ದಿಲ್ಲ.

ಜಪ್ತಿಯ ಫೋಟೋ ನೀವೂ ನೋಡಿರುತ್ತೀರಿ. ಮುಂದೆ ಮೇಜು, ಮೇಜಿನ ಮೇಲೆ ಬಾಡಿದ ಗಿಡ, ಹಿಂದೆ ಸಾಲಾಗಿ ನಿಂತ ಹತ್ತು ಜನ. ಬೇರು, ದಂಟು, ಸೊಪ್ಪು ಎಲ್ಲ ಸೇರಿಸಿ ತೂಗಿ, ಇಷ್ಟು ಲಕ್ಷದ ಮಾಲು ಎಂದು ಬರೆಸುತ್ತಾರೆ. ಕೋರ್ಟಿಗೆ ಹೋದ ಮೇಲೆ ವಕೀಲರು ಇದರಲ್ಲಿ ಹೂವೆಷ್ಟು, ಸೊಪ್ಪೆಷ್ಟು, ದಂಟೆಷ್ಟು ಎಂದು ಕೇಳುತ್ತಾರೆ. ಅಷ್ಟರಲ್ಲಿ ಎಲ್ಲ ಒಣಗಿರುತ್ತದೆ. ಹಸಿ ಅಡಿಕೆಯನ್ನು ಗೊನೆ ಸಮೇತ ತೂಗಿ ಅದಕ್ಕೆ ಸುಲಿದು ಬೇಯಿಸಿ ಒಣಗಿಸಿದ ರಾಶಿ ಅಡಿಕೆಯ ದರ ಕಟ್ಟುವ ಪುಣ್ಯಾತ್ಮ ನಮಗೆ ಇನ್ನೂ ಸಿಕ್ಕಿಲ್ಲ. ಸಿಕ್ಕರೆ ಸೊಸೈಟಿಗೆ ಅಧ್ಯಕ್ಷ ಮಾಡುತ್ತೇವೆ.

ಹಾಗಂತ ಸರ್ಕಾರಕ್ಕೆ ನಶೆಯ ಮೇಲೇನೂ ಕೋಪವಿಲ್ಲ. 2025–26ಕ್ಕೆ ರಾಜ್ಯದ ಅಬಕಾರಿ ಆದಾಯದ ಗುರಿ 40,000 ಕೋಟಿ ರೂಪಾಯಿ. ಮಕ್ಕಳಿಗೆ ನೋಟ್‌ಬುಕ್ ಕೊಡುವ ಸರ್ಕಾರಿ ಕಂಪನಿ ಎಂಎಸ್‌ಐಎಲ್ ಅಪ್ಪನಿಗೆ ಬಾಟಲಿಯನ್ನೂ ಕೊಡುತ್ತದೆ. ಕೋಪ ಇರುವುದು ತನ್ನ ಗಲ್ಲಾಪೆಟ್ಟಿಗೆ ದಾಟಿ ಬರದ ನಶೆಯ ಮೇಲೆ. ಕಾರವಾರದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೋವಾದ ಅಗ್ಗದ ಬಾಟಲಿ ಗಡಿ ದಾಟಿ ಮಾಜಾಳಿಗೆ ಬಂದ ಕೂಡಲೇ ಕಳ್ಳಮಾಲು. 2024ರಲ್ಲಿ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಚೆಕ್‌ಪೋಸ್ಟಿಗೆ ಏನೂ ಆಗಲಿಲ್ಲ.

ಗುಟ್ಕಾ 2013ರಲ್ಲೇ ನಿಷೇಧವಾಯಿತು. ಈಗ ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು. ಕಲಸುವ ಕೆಲಸ ಗಿರಾಕಿಯದ್ದು. ಬರೀ ಅಡಿಕೆಯ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲಿ ಏನು ಬರೆಯಿತು ಎಂಬುದನ್ನು ನಾನಿಲ್ಲಿ ಹೇಳುವುದಿಲ್ಲ. ಊರಲ್ಲಿ ಬಾಳಬೇಕಲ್ಲ.

ಇನ್ನು ಮಾದಕ ವಸ್ತು ಕಾಯ್ದೆಯ 46 ಮತ್ತು 47ನೇ ಕಲಂ. ಇವನ್ನು ನಮ್ಮ ಜಿಲ್ಲೆಗೆಂದೇ ಬರೆದಿರಬೇಕು. ಜಮೀನು ಹೊಂದಿದವನು ತನ್ನ ಜಮೀನಿನಲ್ಲಿ ಅಕ್ರಮವಾಗಿ ಈ ಗಿಡ ಬೆಳೆದದ್ದು ಗೊತ್ತಿದ್ದರೆ ಕೂಡಲೇ ತಿಳಿಸಬೇಕು. ಗೊತ್ತಿದ್ದೂ ಸುಮ್ಮನಿದ್ದರೆ ಶಿಕ್ಷೆ. ಸರ್ಕಾರಿ ಅಧಿಕಾರಿಗಳು, ಪಂಚರು, ಗ್ರಾಮದ ಅಧಿಕಾರಿಗಳೂ ತಿಳಿಸಬೇಕು.

ಪ್ರಶ್ನೆ ಇರುವುದು ಜಮೀನು ಹೊಂದಿದವನು ಯಾರು ಎಂಬಲ್ಲಿ. ಉತ್ತರ ಕನ್ನಡದ ಬಹುಪಾಲು ಕಾಡು. ಅದರ ಅಂಚಿನಲ್ಲಿ ಬದುಕಿದವರ ಹೆಸರು ಅತಿಕ್ರಮಣದಾರ. ಹಕ್ಕುಪತ್ರ ಕೊಡಿ ಎಂದರೆ 2006ರ ಅರಣ್ಯ ಹಕ್ಕು ಕಾಯ್ದೆ ತೆಗೆಯುತ್ತಾರೆ. ಬುಡಕಟ್ಟಿನವರಲ್ಲದಿದ್ದರೆ ಮೂರು ತಲೆಮಾರು, ಅಂದರೆ 75 ವರ್ಷ ಇಲ್ಲೇ ಇದ್ದೆವೆಂದು ತೋರಿಸಬೇಕು. ಅಜ್ಜ ನೆಟ್ಟ ಹಲಸಿನ ಮರ ತೋರಿಸಿದರೆ ಕಾಗದ ಎಲ್ಲಿ ಎನ್ನುತ್ತಾರೆ. ಅಜ್ಜ ಹಲಸು ನೆಡುವಾಗ ರಶೀದಿ ಮಾಡಿಸಿರಲಿಲ್ಲ. ಭತ್ತ, ತೆಂಗು, ಗೇರು ಯಾವುದು ಬೆಳೆದರೂ ಜಮೀನು ಅವನದ್ದಲ್ಲ. ಅದೇ ಜಾಗದಲ್ಲಿ ಒಂದು ಗಾಂಜಾ ಗಿಡ ಸಿಗಲಿ, ಅದೇ ಸಂಜೆ ಅವನು ಜಮೀನಿನ ಮಾಲೀಕ.

ಹೊನ್ನಾವರ ಕಡೆಯ ಪರಿಚಯದವರೊಬ್ಬರು ಹಕ್ಕುಪತ್ರಕ್ಕೆ ಓಡಾಡಿ ಚಪ್ಪಲಿ ಸವೆಸಿದವರು. ಅವರಿಗೆ ಇದನ್ನು ನಗೆಯಾಡಲಿಕ್ಕೆ ಹೇಳಿದೆ. ಅವರು ನಗಲಿಲ್ಲ.

“ಅಲ್ರಾ ಹೆಗಡೇರೆ, ಗಿಡ ಸಿಕ್ರೆ ಪಂಚನಾಮೆ ಮಾಡ್ತಾರಲ್ರಾ?”

“ಮಾಡ್ತಾರೆ.”

“ಸರ್ವೆ ನಂಬರ್ ಬರೀತಾರೆ?”

“ಚೆಕ್‌ಬಂದಿ ಸಮೇತ.”

“ನನ್ನ ಹೆಸ್ರು?”

“ಮೊದಲ ಸಾಲಿನಲ್ಲೇ. ತಂದೆ ಹೆಸರೂ ಇರ್ತದೆ.”

“ಕೆಳಗೆ ಸರ್ಕಾರದ ಸೀಲು?”

“ಇರ್ತದಲ್ಲ.”

ಅವರು ಸ್ವಲ್ಪ ಹೊತ್ತು ಕವಳ ಅಗಿದರು. “ಹಾಂಗಾರೆ ಅದರದ್ದೊಂದು ಜೆರಾಕ್ಸ್ ಅರ್ಜಿ ಜೊತೆ ಲಗತ್ತು ಮಾಡೂಕೆ ಬತ್ತದಾ ಕೇಳಿ.”

ನಾನು ವಕೀಲರನ್ನು ಕೇಳಿದೆ. ಅವರು ಹತ್ತು ವರ್ಷದ ವಿಷಯ ಎತ್ತಿದರು. ಅದನ್ನು ಹೊನ್ನಾವರಕ್ಕೆ ಮುಟ್ಟಿಸಿದರೆ ಅಲ್ಲಿಂದ ಕೂಡಲೇ ಉತ್ತರ ಬಂತು: “ಅಡ್ಡಿಲ್ಲ, 75ಕ್ಕಿಂತ ಕಡಿಮೆ ಆಯ್ತಲ್ರಾ.”