ಹೊನ್ನಮ್ಮನನ್ನು ಬಿಟ್ಟದ್ದೇಕೆ?

ಕನ್ನಡದ ಕವಯಿತ್ರಿಯರ ಕುರಿತ ನಿಮ್ಮ ಲೇಖನ ಚೆನ್ನಾಗಿದೆ, ಆದರೆ ಅಕ್ಕಮಹಾದೇವಿಯಿಂದ ನೇರ 20ನೇ ಶತಮಾನಕ್ಕೆ ಜಿಗಿದದ್ದು ನನಗೆ ಸರಿಕಾಣಲಿಲ್ಲ. ನಡುವೆ ಸಂಚಿ ಹೊನ್ನಮ್ಮ ಇದ್ದಾಳಲ್ಲ! 17ನೇ ಶತಮಾನದ ಮೈಸೂರು ದೊರೆ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುತ್ತಿದ್ದವಳು. ಬರೆದದ್ದು 'ಹದಿಬದೆಯ ಧರ್ಮ', ಅಂದರೆ ಪತಿವ್ರತೆ ಹೇಗಿರಬೇಕೆಂಬ ಉಪದೇಶ. ಓದುವಾಗ ಎಷ್ಟೋ ಕಡೆ ಸಿಟ್ಟು ಬಂದಿದೆ, ಸುಳ್ಳೇಕೆ ಹೇಳಲಿ. ಆದರೆ ಸಾಂಗತ್ಯದಲ್ಲಿ, ಅಂದರೆ ಹಾಡಲು ಬರುವ ನಾಲ್ಕು ಸಾಲಿನ ಪದ್ಯಗಳಲ್ಲಿ, ಬರೆದ ಅದೇ ಕಾವ್ಯದ ನಡುವೆ, ಹೆಣ್ಣನ್ನು ಹಳಿಯುವವರನ್ನು 'ಕಣ್ಣು ಕಾಣದ ಗಾವಿಲರು' ಎಂದುಬಿಡುತ್ತಾಳೆ. ಗಾವಿಲರು ಅಂದರೆ ದಡ್ಡರು. ಊಳಿಗದ ಹೆಣ್ಣೊಬ್ಬಳು ಆಸ್ಥಾನದ ಕಾವ್ಯದಲ್ಲಿ ಕೂತು ಬೈದ ಬೈಗುಳ ಅದು! ಅಕ್ಕ ಎಲ್ಲವನ್ನೂ ತೊರೆದು ಹೊರಟಳು. ಹೊನ್ನಮ್ಮ ಎಲ್ಲಿಗೂ ಹೋಗಲಿಲ್ಲ. ಗಂಡಸರು ಒಪ್ಪುವ ವಸ್ತುವನ್ನೇ ಇಟ್ಟುಕೊಂಡು, ಅದರ ಸಂದಿಯಲ್ಲೇ ತನ್ನ ಮಾತು ತೂರಿಸಿದಳು.

ಶಾಲೆಯಲ್ಲಿ ನಮಗೆ ಆ ಬೈಗುಳ ಬರುವ 'ಪೆಣ್ಣಲ್ಲವೆ ತಮ್ಮನೆಲ್ಲ ಪಡೆದ ತಾಯಿ' ಎಂಬ ಪದ್ಯ ಬಾಯಿಪಾಠ ಮಾಡಿಸಿ ಕೈತೊಳೆದುಕೊಂಡರು. ಉಳಿದ ಕಾವ್ಯ ಏನೆನ್ನುತ್ತದೆ ಅಂತ ಯಾರೂ ಹೇಳಲಿಲ್ಲ. ಪೂರ್ತಿ ಓದಿದ ಮೇಲೆ ಆ ಪದ್ಯ ಇನ್ನೂ ಹರಿತವಾಗಿ ಕಂಡಿತು.

ಹಾಗೆಯೇ ಮುಂದಿನ ಕಂತು ಬರೆಯುವುದಾದರೆ ಹರಿದಾಸರ ಸಾಲಿನ ಕವಯಿತ್ರಿ ಹೆಳವನಕಟ್ಟೆ ಗಿರಿಯಮ್ಮನನ್ನೂ ಮರೆಯಬೇಡಿ. ದಾಸಸಾಹಿತ್ಯ ಅಂದಕೂಡಲೇ ಪುರಂದರ, ಕನಕ ಅಂತ ನಿಲ್ಲಿಸಿಬಿಡುತ್ತೇವೆ.