ಕ್ಯಾಮೆರಾಕ್ಕೂ ಮಾನವುಂಟು

ನಮ್ಮ ದೇಶದಲ್ಲಿ ಖಾಸಗಿತನವನ್ನು ಯಾರೂ ಕಾಪಾಡುತ್ತಿಲ್ಲ ಎಂಬುದು ಶುದ್ಧ ಅಪಪ್ರಚಾರ. ಖಂಡಿತ ಕಾಪಾಡುತ್ತಿದ್ದಾರೆ, ಆದರೆ ಅದು ಕ್ಯಾಮೆರಾದ ಖಾಸಗಿತನವೇ ಹೊರತು ಅದರ ಮುಂದೆ ಹಾದುಹೋಗುವವರದ್ದಲ್ಲ.

2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದಾಗ, ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೆಂದು ನಾವೆಲ್ಲ ಬೀಗಿದೆವು. ಜನ ಸೇರುವ ಕಡೆಯಲ್ಲೆಲ್ಲ ಕ್ಯಾಮೆರಾ ಹಾಕಿಸಿ, 30 ದಿನಗಳ ದೃಶ್ಯವನ್ನು ಕಾದಿಡಬೇಕೆನ್ನುವ ಕರ್ನಾಟಕದ ಸಾರ್ವಜನಿಕ ಸುರಕ್ಷತಾ ಕಾಯ್ದೆಯೂ ಅದೇ ಇಸವಿಯದು.

ಕಾಯ್ದೆಯ ಹಂಗಿಲ್ಲದೆಯೂ ನಮ್ಮ ಅಪಾರ್ಟ್‌ಮೆಂಟ್‌ಗಳು ಈ ಸೇವೆಯಲ್ಲಿ ಬಹಳ ಮುಂದಿವೆ. ಬಾಡಿಗೆಗಿರುವ ಹುಡುಗಿಯೊಬ್ಬಳು ರಾತ್ರಿ ಪಾಳಿ ಮುಗಿಸಿ ಒಂದೂವರೆಗೆ ಲಿಫ್ಟ್ ಹತ್ತಿದರೆ, ಬೆಳಗಿನ ಕಾಫಿಯ ಹೊತ್ತಿಗೆ ಆ ದೃಶ್ಯವು ‘ನಮ್ಮದು ಫ್ಯಾಮಿಲಿಗಳಿರುವ ಕಟ್ಟಡ’ ಎಂಬ ಒಕ್ಕಣೆಯೊಂದಿಗೆ ವಾಟ್ಸ್ಆ್ಯಪ್ ಗುಂಪನ್ನು ತಲುಪಿರುತ್ತದೆ. ಆದರೆ ಸೆಲ್ಲಾರಿನಲ್ಲಿಟ್ಟ ಮಗನ ಸೈಕಲ್ ಕಳೆದುಕೊಂಡ ತಂದೆ ಅದೇ ಕ್ಯಾಮೆರಾದ ದೃಶ್ಯ ಕೇಳಲಿ, ಸಂಘದ ಕಾರ್ಯದರ್ಶಿಗಳ ಮುಖದಲ್ಲಿ ಸಂವಿಧಾನವೇ ಬಂದು ಕೂರುತ್ತದೆ: ‘ಬೇರೆಯವರ ಪ್ರೈವೆಸಿ ಇದೆ ಸಾರ್, ಸ್ಟೇಷನ್ನಿನಿಂದ ಲೆಟರ್ ತನ್ನಿ.’ ತಂದರೆ, ಹಾರ್ಡ್ ಡಿಸ್ಕ್ ತುಂಬಿ ಎಲ್ಲ ಅಳಿಸಿಹೋಗಿರುತ್ತದೆ.

ಕೇಳದವರಿಗೆ ಮಾತ್ರ ಧಾರಾಳ. ರಾಜ್‌ಕೋಟ್‌ನ ಹೆರಿಗೆ ಆಸ್ಪತ್ರೆಯೊಂದರಲ್ಲಿ ಮಹಿಳೆಯರನ್ನು ತಪಾಸಣೆ ಮಾಡುವ ದೃಶ್ಯಗಳು 2025ರ ಫೆಬ್ರವರಿಯಲ್ಲಿ ಟೆಲಿಗ್ರಾಂನಲ್ಲಿ ಮಾರಾಟಕ್ಕೆ ಬಿದ್ದಿದ್ದು ಬಯಲಾಯಿತು. ಅಂಥ ಕೋಣೆಯಲ್ಲಿ ಕ್ಯಾಮೆರಾ ಇಟ್ಟದ್ದು ಯಾರ ಸುರಕ್ಷತೆಗೋ, ಇಟ್ಟವರೇ ಹೇಳಬೇಕು.

ಅದೇ ವರ್ಷದ ಆಗಸ್ಟಿನಲ್ಲಿ ಬೆಂಗಳೂರಿನ ಮಹದೇವಪುರದ ಮತದಾರರ ಪಟ್ಟಿಯಲ್ಲಿ ಅಕ್ರಮವಾಗಿದೆಯೆಂಬ ಗದ್ದಲ ಎದ್ದು, ಮತಗಟ್ಟೆಯ ದೃಶ್ಯಗಳನ್ನು ಕೊಡಿ ಎಂಬ ಬೇಡಿಕೆ ಬಂದಾಗ, ತಾಯಂದಿರ, ಸೊಸೆಯಂದಿರ, ಹೆಣ್ಣುಮಕ್ಕಳ ವಿಡಿಯೊಗಳನ್ನು ಹಂಚಬೇಕೇ ಎಂದು ಮುಖ್ಯ ಚುನಾವಣಾ ಆಯುಕ್ತರು ಪ್ರಶ್ನಿಸಿದರು. ಪ್ರಶ್ನೆಯಲ್ಲಿ ತಪ್ಪೇನಿಲ್ಲ. ಇದೇ ತಾಯಂದಿರು ಮತ ಹಾಕಿ ಬೀದಿಗಿಳಿದ ಮೇಲೆ ಕಂಬಕಂಬದಲ್ಲೂ ಚಿತ್ರಿತರಾಗುವಾಗ ಇಂಥ ಕಳಕಳಿ ಯಾವ ಕಚೇರಿಯಿಂದಲೂ ಕೇಳಿಬರುವುದಿಲ್ಲ, ಅಷ್ಟೆ.

ಇನ್ನು ಪೊಲೀಸ್ ಠಾಣೆ. ಪ್ರತಿ ಠಾಣೆಯಲ್ಲೂ, ಲಾಕಪ್ಪುಗಳೂ ಸೇರಿದಂತೆ, ಧ್ವನಿಸಹಿತ ಕ್ಯಾಮೆರಾ ಇರಬೇಕು, ದೃಶ್ಯಗಳು 18 ತಿಂಗಳು ಉಳಿಯಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿತ್ತು. 2025ರ ಸೆಪ್ಟೆಂಬರ್‌ನಲ್ಲಿ, ಕಸ್ಟಡಿ ಸಾವುಗಳ ಕುರಿತ ಪತ್ರಿಕಾ ವರದಿಯೊಂದನ್ನು ಓದಿ, ಠಾಣೆಗಳ ಕ್ಯಾಮೆರಾಗಳು ಕೆಲಸ ಮಾಡದಿರುವ ವಿಚಾರವನ್ನು ಅದೇ ಕೋರ್ಟು ತಾನಾಗಿಯೇ ಕೈಗೆತ್ತಿಕೊಳ್ಳಬೇಕಾಯಿತು. ಸಿಗ್ನಲ್ಲಿನಲ್ಲಿ ಹೆಲ್ಮೆಟ್ ಇಲ್ಲದವನ ನಂಬರ್ ಪ್ಲೇಟನ್ನು ಕತ್ತಲಲ್ಲೂ ತಪ್ಪದೆ ಓದುವ ಯಂತ್ರಕ್ಕೆ ಠಾಣೆಯ ಹೊಸ್ತಿಲು ದಾಟಿದೊಡನೆ ಇರುಳುಗಣ್ಣು. ಒಳಗಿರುವ ಆರೋಪಿಯ ಖಾಸಗಿತನಕ್ಕೆ ಧಕ್ಕೆಯಾಗದಿರಲೆಂದೇ ಕ್ಯಾಮೆರಾ ಕಣ್ಣು ಮುಚ್ಚಿಕೊಂಡಿತ್ತು ಎಂದು ನಾಳೆ ಯಾವುದಾದರೂ ಸರ್ಕಾರ ಪ್ರಮಾಣಪತ್ರ ಸಲ್ಲಿಸಿದರೂ ಸಲ್ಲಿಸೀತು.